ಓದಿ ಹೇಳುತ್ತಿದ್ದ ಗೆಳತಿ

ಹತ್ತನೇ ತರಗತಿಯ ಕೊನೆಯ ದಿನ ಎಲ್ಲರೂ ಕರಿಹಲಗೆಯ ಮೇಲೆ ವಿದಾಯದ ಮಾತು ಬರೆದರು. ಹಿಂದಿನ ಬೆಂಚಿನ ಹುಡುಗಿಗೆ ಅದು ಬರೀ ಬಿಳಿ ಮಸುಕು. ದೂರದ ಅಕ್ಷರ ಕಾಣದೆಂಬ ಗುಟ್ಟನ್ನು ಅವಳು ಮನೆಯಲ್ಲೂ ಬಿಟ್ಟುಕೊಟ್ಟಿರಲಿಲ್ಲ. ಮೂರು ವರ್ಷದಿಂದ ಪಕ್ಕದ ಗೆಳತಿಯೇ ಪಿಸುದನಿಯಲ್ಲಿ ಓದಿ ಹೇಳುತ್ತಿದ್ದಳು.

“ಏನು ಬರೆದಿದ್ದಾರೆ, ಓದೇ.”

“ಇವತ್ತು ಓದಲ್ಲ. ನಿನ್ನ ಕಾಲೇಜಿಗೂ ನಾನು ಬರ್ತೀನಾ? ಕನ್ನಡಕ ಹಾಕಿಸ್ಕೋ.”

“ಸೋಡಾಬುಡ್ಡಿ ಅಂತ ಆಡ್ಕೋತಾರೆ ಕಣೇ.”

“ಆಡ್ಕೊಳ್ಳೋ ಕೋತಿಗಳೆಲ್ಲ ಇವತ್ತೇ ಜಾಗ ಖಾಲಿ ಮಾಡ್ತಿದೀವಲ್ಲ.”

ಹುಡುಗಿ ಎದ್ದು ಹೋಗಿ, ಮೂಗು ತಾಗುವಷ್ಟು ಹತ್ತಿರ ನಿಂತು ಒಂದೊಂದೇ ಸಾಲು ಓದತೊಡಗಿದಳು.

“ಏನೇ, ಹಲಗೆಗೆ ಮುತ್ತು ಕೊಡ್ತಿದೀಯಾ?” ಎಂದು ಯಾರೋ ರೇಗಿಸಿದರು.

“ದೂರದ್ದು ನನಗೆ ಕಾಣಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವಳು ಮುಂದಿನ ಸಾಲಿಗೆ ಹೋದಳು.