ನಂಗೂ ಹಸಿವಿಲ್ಲ

ಟೇಪು ಪುಟ್ಟಿಯ ಸೊಂಟವನ್ನು ಬಳಸಿ ಬಂದು ಇಪ್ಪತ್ತೇಳರಲ್ಲಿ ನಿಂತಿತು. ಹೊಲಿಗೆಯಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಸುತ್ತಿದಳು. ಇಪ್ಪತ್ತೇಳೇ. ಆರು ತಿಂಗಳ ಹಿಂದೆ ಇದೇ ಮಗಳಿಗೆ ಮೂವತ್ತರ ಅಳತೆಯಲ್ಲಿ ಲಂಗ ಹೊಲಿದಿದ್ದಳು.

"ಕಚಗುಳಿ!" ಎಂದು ಪುಟ್ಟಿ ನಕ್ಕಳು. ಅವಳ ವಯಸ್ಸು ಮೂವತ್ತೊಂದು. ಬುದ್ಧಿ ಮಾತ್ರ ನಾಲ್ಕರ ಹತ್ತಿರ ಎಲ್ಲೋ ನಿಂತುಬಿಟ್ಟಿತ್ತು.

ಹೊಲಿಗೆಯಮ್ಮನಿಗೆ ಐವತ್ತೆಂಟು. ಬಟ್ಟೆ ಬಿಗಿ ಮಾಡುವುದು, ಸಡಿಲಿಸುವುದು, ಜಿಪ್ ಬದಲಿಸುವುದು, ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಇದೇ ಕಸುಬು. ಗಂಡ ನಲವತ್ತೊಂಬತ್ತಕ್ಕೇ, ಕೆನ್ನೆಯ ಮೇಲೆ ಶೇವಿಂಗ್ ನೊರೆ ಇರುವಾಗಲೇ ಕುಸಿದು ತೀರಿಕೊಂಡಿದ್ದ. ಕಳೆದ ವರ್ಷ ಅವಳಿಗೂ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ತಮ್ಮನನ್ನು ಕೇಳಿದ್ದಳು: "ನಾಳೆ ನಂಗೇನಾದ್ರೂ ಆದ್ರೆ ಇವಳನ್ನ ನೋಡ್ಕೊಳ್ತೀಯೇನೋ?"

ತಮ್ಮ ತನ್ನ ಚಪ್ಪಲಿಯ ತುದಿ ನೋಡುತ್ತ, "ಅಂಥವ್ರಿಗೆ ಅಂತ್ಲೇ ಒಳ್ಳೊಳ್ಳೆ ಜಾಗ ಇದೆಯಂತೆ ಅಕ್ಕಾ" ಎಂದಿದ್ದ.

ಆ ಒಳ್ಳೆ ಜಾಗವನ್ನೂ ಅವಳು ನೋಡಿಬಂದಳು. ಸಾಲು ಮಂಚ. ಎಲ್ಲರ ತಲೆಗೂ ಒಂದೇ ಥರ ಗಿಡ್ಡ ಕೂದಲು. ಮೂಲೆಯಲ್ಲಿ ಒಬ್ಬಳು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು, ಯಾರೂ ಬೇಡವೆನ್ನಲಿಲ್ಲ. ಮನೆಗೆ ಬಂದವಳೇ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲೆ ಮುಖ ತೊಳೆದು ತೀರ್ಮಾನ ಮಾಡಿದಳು. ತಾನು ಸಾಯಬಾರದು. ಪುಟ್ಟಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು.

ದಾರಿ ತೋರಿಸಿದವನು ಮೆಡಿಕಲ್ ಶಾಪಿನವನು. "ದಿನಕ್ಕೆ ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡಿ ಅಮ್ಮಾ, ಉಳಿದ ಎಂಟು ಗಂಟೇಲಿ ತಿನ್ನಿ. ಮೈ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಆಯಸ್ಸು ಹೆಚ್ಚುತ್ತಂತೆ" ಎಂದು ಫೋನಿನಲ್ಲಿ ಯಾರದೋ ಭಾಷಣ ತೋರಿಸಿದ. ರಿಪೇರಿ ಎಂಬ ಮಾತು ಅವಳಿಗೆ ಹಿಡಿಸಿತು. ಸಂಜೆ ಆರಕ್ಕೆ ಹೊಟ್ಟೆಗೆ ಬೀಗ ಹಾಕಿದರೆ ಮರುದಿನ ಹತ್ತಕ್ಕೆ ತೆರೆಯುವುದು. ಹದಿನಾರು ಸಾಲದೆನಿಸಿ ಹದಿನೆಂಟು ಮಾಡಿದಳು. ಮೊದಮೊದಲು ಸೂಜಿಗೆ ದಾರ ಪೋಣಿಸಲು ನಾಲ್ಕೈದು ಸಲ ಬೇಕಾಗುತ್ತಿತ್ತು, ಕಣ್ಣು ಕತ್ತಲಿಡುತ್ತಿತ್ತು. ಹಲ್ಲು ಕಚ್ಚಿ ಸಹಿಸಿದಳು. ನಾಲ್ಕು ತಿಂಗಳಲ್ಲಿ ಎಂಟು ಕಿಲೋ ಇಳಿದಳು.

"ನಮ್ಮದೆಲ್ಲ ಬಿಚ್ಚಿ ಸಡಿಲ ಮಾಡ್ತೀಯ, ನಿಂದು ಮಾತ್ರ ಹಿಡಿದು ಹಿಡಿದು ಹೊಲೀತೀಯಲ್ಲೇ!" ಎಂದು ಗಿರಾಕಿಗಳು ನಗಾಡಿದರು.

ಡಾಕ್ಟರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. "ಆಯಸ್ಸಿನ ವಿಷಯ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದ್ರೆ ನಿಮ್ಮ ರಕ್ತ ನೋಡಿದ್ರೆ ತೊಂಬತ್ತು ದಾಟೋ ಹಾಗಿದೀರಿ" ಎಂದು ತಮಾಷೆ ಮಾಡಿದರು. ಅವಳು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ತೊಂಬತ್ತಕ್ಕೆ ಪುಟ್ಟಿಗೆ ಅರವತ್ತಮೂರು. ಸಾಕಾಗಬಹುದು.

ತೊಡಕಾದದ್ದು ಪುಟ್ಟಿಯಿಂದ. ಬೆಳಿಗ್ಗೆ ಹಾಲು, ಬ್ರೆಡ್ಡು ಮುಂದಿಟ್ಟರೆ ಮೊದಲ ತುಂಡನ್ನು ಅಮ್ಮನ ಬಾಯಿಗೆ ಹಿಡಿಯುತ್ತಿದ್ದಳು.

"ನೀನು."

"ನಂಗೆ ಹಸಿವಿಲ್ಲ ಕಂದ. ನೀನು ತಿನ್ನು."

ಪುಟ್ಟಿ ತುಂಡನ್ನು ತಟ್ಟೆಗೆ ಹಾಕಿ ಕೈ ಕಟ್ಟಿ ಕೂರುತ್ತಿದ್ದಳು. "ನಂಗೂ ಹಸಿವಿಲ್ಲ." ಗದರಿಸಿದ್ದಾಯಿತು, ರಮಿಸಿದ್ದಾಯಿತು. ಹನ್ನೆರಡಕ್ಕೆ ಹೇಗೂ ಇಬ್ಬರೂ ಒಟ್ಟಿಗೆ ಉಣ್ಣುತ್ತೇವಲ್ಲ ಎಂದು ಕಡೆಗೆ ಅಮ್ಮ ಸುಮ್ಮನಾದಳು. ಮೆಟ್ಟಿಲು ಹತ್ತುವಾಗ ಮಗಳು ನಡುವೆ ಕೂತುಬಿಡುವುದನ್ನು ಹಟವೆಂದುಕೊಂಡಳು. ತುಟಿ ನೀಲಿಗಟ್ಟಿದ್ದನ್ನು ಚಳಿಯೆಂದುಕೊಂಡಳು.

ಟೇಪು ಮಾತ್ರ ಸುಳ್ಳು ಹೇಳುವ ವಸ್ತುವಲ್ಲ. ಮರುದಿನವೇ ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರು ಬೆನ್ನಿಗೂ ಇಟ್ಟು ಕೇಳಿದರು. ಸ್ಕ್ಯಾನಿಂಗಿಗೆ ಕಳಿಸಿದರು. ವರದಿ ಬಂದ ದಿನ ಪುಟ್ಟಿಯನ್ನು ನರ್ಸಿನ ಜೊತೆ ಹೊರಗೆ ಕೂರಿಸಿ ಇವಳನ್ನಷ್ಟೇ ಒಳಗೆ ಕರೆದರು.

"ಹುಟ್ಟಿದಾಗ ಹೃದಯದಲ್ಲಿ ತೂತಿದೆ ಅಂತ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು. ಸಣ್ಣದು, ಬೆಳೀತಾ ಮುಚ್ಚಿಹೋಗುತ್ತೆ ಅಂದ್ರು."

"ಮುಚ್ಚಿಲ್ಲ. ಈಗ ಶ್ವಾಸಕೋಶಾನೂ ಸೋತಿದೆ. ಆಪರೇಷನ್ ಮಾಡೋ ಕಾಲ ಯಾವತ್ತೋ ದಾಟಿಹೋಗಿದೆ. ಮಾತ್ರೆ ಕೊಡ್ತೀನಿ. ಎರಡು ವರ್ಷ, ಮೂರು ವರ್ಷ..."

"ನನ್ನ ಉಪವಾಸದಿಂದ ಆಯ್ತಾ? ಅವಳೂ ತಿನ್ನೋದು ಬಿಟ್ಲು ಡಾಕ್ಟ್ರೇ, ನನ್ನ ನೋಡಿ."

"ಹೃದಯ ಕೆಟ್ಟಿದ್ದು ಅದರಿಂದಲ್ಲ. ತೂಕ ಇಳಿದಿದ್ದು ಉಪವಾಸದಿಂದಲೋ ಈ ಕಾಯಿಲೆಯಿಂದಲೋ, ಹೇಗೆ ಹೇಳೋದು."

ಹೊಲಿಗೆಯಮ್ಮ ಸೆರಗಿನ ಅಂಚನ್ನು ಬೆರಳಿಂದ ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ನಾನೇನು ಮಾಡ್ಲಿ ಡಾಕ್ಟ್ರೇ," ಎಂದಳು ಮೆಲ್ಲಗೆ, "ತೊಂಬತ್ತು ಕಟ್ಕೊಂಡು?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ಹೊರಗೆ ಬಿಸಿಲು ಏರಿತ್ತು. ಆಸ್ಪತ್ರೆಯ ಮುಂದಿನ ರಸ್ತೆಗೆ ಟಾರು ಹಾಕುತ್ತಿದ್ದರು. ರೋಡ್ ರೋಲರು ಕಂಡದ್ದೇ ಪುಟ್ಟಿ ಗಕ್ಕನೆ ನಿಂತಳು. ಬೇರೆ ದಿನವಾಗಿದ್ದರೆ ತಾಯಿ, "ಅಂಗಡಿ ಹಾಗೇ ಬಿಟ್ಟು ಬಂದಿದೀನಿ, ನಡಿಯೇ" ಎಂದು ಎಳೆದುಕೊಂಡು ಹೋಗುತ್ತಿದ್ದಳು. ಈಗ ಚೀಲವನ್ನು ಕೆಳಗಿಟ್ಟು ಮಗಳ ಕೈ ಹಿಡಿದು ಪಕ್ಕದಲ್ಲೇ ನಿಂತಳು. ರೋಲರು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಪ್ರತಿ ಸಲವೂ ಪುಟ್ಟಿ ತಲೆಯಾಡಿಸಿದಳು.

ಸ್ವಲ್ಪ ಹೊತ್ತಿಗೆ ಚಾಲಕ ಎಂಜಿನ್ ನಿಲ್ಲಿಸಿ ಇಳಿದ. ಕೆಲಸದವರೆಲ್ಲ ಮರದ ನೆರಳಿಗೆ ಹೋಗಿ ಕೂತರು. ಕಪ್ಪು ಟಾರಿನಿಂದ ಬಿಸಿ ಹಬೆ ಏಳುತ್ತಿತ್ತು.

"ಇನ್ನೊಂದ್ಸಲ ಬರುತ್ತೆ" ಎಂದಳು ಪುಟ್ಟಿ.

"ಹ್ಞೂಂ" ಎಂದಳು ತಾಯಿ.

ಇಬ್ಬರೂ ನಿಂತ ರೋಲರನ್ನೇ ನೋಡುತ್ತ ಬಿಸಿಲಲ್ಲಿ ನಿಂತಿದ್ದರು.