ಅಮ್ಮ ಕಲಿಸಿದ ‘ಗೊತ್ತಾಯ್ತು’

ಸಂಜೆ ಬರಬೇಕಾದ ಮಗಳು ಮಧ್ಯಾಹ್ನಕ್ಕೇ ಮನೆಗೆ ಬಂದದ್ದನ್ನು ಕಂಡು ಅಮ್ಮ ಬಾಗಿಲಿಗೆ ಬಂದರು. ಚಿನ್ನಿ ಚಪ್ಪಲಿ ಬಿಟ್ಟು, ನೇರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹಿಂದೆಯೇ ಅವಳು ಕೆಲಸ ಮಾಡುವ ಲಾಂಡ್ರಿಯ ಸೂಪರ್‌ವೈಸರ್ ಫೋನು ಬಂತು.

“ಏನಮ್ಮಾ ನಿಮ್ ಹುಡುಗಿ! ಕೆಂಪು ಪರದೆ ಬೇರೆ ಮೆಷಿನ್ನಿಗೆ ಹಾಕು, ಬಿಸಿನೀರು ಬೇಡ ಅಂತೆಲ್ಲ ಹೇಳಿದ್ದೆ. ‘ಗೊತ್ತಾಯ್ತು’ ಅಂದ್ಳು. ಈಗ ಬಿಳಿ ಬೆಡ್‌ಶೀಟೆಲ್ಲ ಗುಲಾಬಿ! ಸ್ವಲ್ಪ ದಿನ ಮನೇಲಿರ್ಲಿ. ಆಮೇಲೆ ನೋಡೋಣ.”

ಆ ‘ನೋಡೋಣ’ದ ರುಚಿ ಅಮ್ಮನಿಗೆ ಹೊಸದಲ್ಲ. ಹಿಂದೆ ಚಿನ್ನಿ ಕೆಲಸಕ್ಕಿದ್ದ ಪುಸ್ತಕದ ಬೈಂಡಿಂಗ್ ಅಂಗಡಿಯವರೂ ಹೀಗೇ ಹೇಳಿದ್ದರು. ಇವತ್ತಿಗೂ ನೋಡುತ್ತಲೇ ಇದ್ದಾರೆ!

ಸಂಜೆ ಪಕ್ಕದ ಮನೆಯ ಟೀಚರ್ ಬಂದರು. ಆಟಿಸಂ ಇರುವ ಯುವಕ ಯುವತಿಯರಿಗೆ ಕೆಲಸ ಕಲಿಸುವ ಕೇಂದ್ರದಲ್ಲಿ ಅವರು ತರಬೇತಿ ಕೊಡುತ್ತಾರೆ.

“ಸಾಕಪ್ಪಾ ಸಾಕು,” ಎಂದರು ಅಮ್ಮ, ಫೋನಿನ ವಿಷಯವೆಲ್ಲ ಹೇಳಿ. “ಮನೇಲೇ ಇರ್ಲಿ. ನಾನಿರೋವರೆಗೂ ನೋಡ್ಕೋತೀನಿ.”

“ಆಮೇಲೆ?”

ಅಮ್ಮನಿಗೆ ಸಿಟ್ಟು ಬಂತು. ಮುಖ ಆ ಕಡೆ ತಿರುಗಿಸಿದರು.

“ಹೋಗ್ಲಿ, ಅವಳಿಗೆ ಆಟಿಸಂ ಇದೆ ಅಂತ ಲಾಂಡ್ರೀಲಿ ಹೇಳಿದೀರಾ?”

“ಹೇಳಿದ್ರೆ ಹೊಸಿಲು ದಾಟೋಕೂ ಬಿಡ್ತಿರ್ಲಿಲ್ಲ!”

ಟೀಚರ್ ಕೋಣೆಯ ಬಾಗಿಲು ತಟ್ಟಿ, “ಏನಾಯ್ತು ಚಿನ್ನಿ?” ಎಂದು ಕೇಳಿದರು.

“ಅವಳಿಗೆ ಅಷ್ಟೆಲ್ಲ ಹೇಳೋಕೆ...” ಎಂದು ಅಮ್ಮ ಬಾಯಿ ಹಾಕಿದರು.

“ಕೇಳಿದ್ದು ಅವಳನ್ನ ಅಕ್ಕಾ. ಸ್ವಲ್ಪ ಸುಮ್ನಿರಿ.”

ಬಹಳ ಹೊತ್ತು ಸದ್ದಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ಅಮ್ಮನಿಗೆ ಅಂದೇ ತಿಳಿದದ್ದು. ಕೊನೆಗೆ ಚಿನ್ನಿ ಬಾಗಿಲು ತೆರೆದಳು.

“ಮೆಷಿನ್ ಜೋರಾಗಿ ಓಡ್ತಿತ್ತು. ಅವರು ತುಂಬಾ ಹೇಳಿದ್ರು. ಎಲ್ಲಾ ಮೆಷಿನ್ನಿಗೆ ಹಾಕು ಅಂದದ್ದು ಮಾತ್ರ ತಿಳೀತು.”

“ಮತ್ತೆ ಗೊತ್ತಾಯ್ತು ಅಂದ್ಯಲ್ಲಾ?” ಎಂದರು ಟೀಚರ್.

“ಕೆಲಸದ ಜಾಗದಲ್ಲಿ ಯಾರು ಏನು ಹೇಳಿದ್ರೂ ಹಾಗನ್ಬೇಕು. ಅಮ್ಮ ಕಲ್ಸಿದಾರೆ.”

ಅಮ್ಮ ತಲೆಯಾಡಿಸಿದರು. ಹೌದು, ಕಲಿಸಿದ್ದು ತಾವೇ. ಮಗಳನ್ನು ಯಾರೂ ಪೆದ್ದು ಅನ್ನದಿರಲಿ ಎಂದು ಕನ್ನಡಿ ಮುಂದೆ ನಿಲ್ಲಿಸಿ ಬಾಯಿಪಾಠ ಮಾಡಿಸಿದ್ದರು. ಆ ಮಾತೇ ಮಗಳ ಕೆಲಸಕ್ಕೆ ಕುತ್ತು ತಂದಿತ್ತು.

ಮರುದಿನ, ಚಿನ್ನಿ ಒಪ್ಪಿದ ಮೇಲೆಯೇ, ಮೂವರೂ ಲಾಂಡ್ರಿಗೆ ಹೋಗಿ ವಿಷಯ ಬಿಡಿಸಿ ಹೇಳಿದರು. ಸೂಪರ್‌ವೈಸರ್ ಮುಖ ಗಂಟಿಕ್ಕಿದರು.

“ಇದು ಲಾಂಡ್ರಿ ಮೇಡಂ, ಸ್ಕೂಲಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳ್ತಾ ಕೂತ್ರೆ ಆಯ್ತು ನಮ್ ಕಥೆ.”

“ಅವಳು ಬಟ್ಟೆ ಮಡಚೋದ್ರಲ್ಲಿ ಏನಾದ್ರೂ ತಕರಾರಿದ್ಯಾ?” ಎಂದು ಕೇಳಿದರು ಟೀಚರ್.

“ಅದ್ರಲ್ಲಿ ಮಾತಾಡೋ ಹಾಗಿಲ್ಲ. ಅಂಚಿಗೆ ಅಂಚು ಕೂರಿಸ್ತಾಳೆ.”

“ಹಾಗಿದ್ರೆ ಒಂದು ವಾರ ಕೊಡಿ. ಆಟಿಸಂ ಕಾಯಿಲೆಯಲ್ಲ, ಅಂಟೋದೂ ಇಲ್ಲ. ಅವಳ ಮಿದುಳು ಸದ್ದನ್ನ, ಮಾತನ್ನ ಬೇರೆ ರೀತಿ ತಗೊಳ್ಳುತ್ತೆ, ಅಷ್ಟೇ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಯಾವ ಮೆಷಿನ್ನಿಗೆ ಯಾವ ಬಟ್ಟೆ ಅಂತ ಚಿತ್ರ ಅಂಟಿಸೋಣ. ಅವಳ ಮೇಜು ಆ ಕಿಟಕಿ ಹತ್ರ ಹಾಕೋಣ. ಏನಾದ್ರೂ ಬದಲಾವಣೆ ಇದ್ರೆ ಮೊದ್ಲೇ ತಿಳ್ಸಿ. ಶುರುವಿಗೆ ನಾನೂ ಜೊತೆಗಿರ್ತೀನಿ, ಆಮೇಲೆ ಜಾಗ ಖಾಲಿ ಮಾಡ್ತೀನಿ.”

“ಒಂದೇ ವಾರ,” ಎಂದರು ಸೂಪರ್‌ವೈಸರ್.

ಮನೆಯಲ್ಲಿ ಮತ್ತೆ ಬಾಯಿಪಾಠ ಶುರುವಾಯಿತು. ಈ ಸಲ, “ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ.” ಅದನ್ನು ಹೇಳಿಕೊಡುವಾಗ ಮಗಳಿಗಿಂತ ಅಮ್ಮನ ನಾಲಿಗೆಯೇ ಹೆಚ್ಚು ತಡವರಿಸಿತು. ನಾಚಿಕೆಯೆಲ್ಲ ಇದ್ದದ್ದು ಅವರಲ್ಲೇ.

ವಾರ ಕಳೆಯಿತು. ಚಿತ್ರ ಅಂಟಿಸಿದ ಮೇಲೆ ಉಳಿದ ಕೆಲಸಗಾರರ ಎಡವಟ್ಟೂ ಕಡಿಮೆಯಾಯಿತೆಂದು ಸೂಪರ್‌ವೈಸರ್ ಗೊಣಗುತ್ತಲೇ ಒಪ್ಪಿಕೊಂಡರು. ಟೀಚರ್ ಬರುವುದನ್ನು ನಿಲ್ಲಿಸಿದರು. ಚಿನ್ನಿ ಒಬ್ಬಳೇ ಹೋಗಿ ಬರತೊಡಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಸೂಪರ್‌ವೈಸರ್ ಫೋನು. ಅಮ್ಮ ಓಡಿ ಬಂದು ಎತ್ತಿದರು. “ಏನಾಯ್ತು ಸರ್? ಏನ್ ಮಾಡಿದ್ಳು?”

“ಏನೂ ಮಾಡಿಲ್ಲಮ್ಮಾ. ನಾಳೆ ಮೆಷಿನ್ ರಿಪೇರಿ ಇದೆ, ಊಟ ಆದ್ಮೇಲೆ ಬಾ ಅಂತ ಅವಳಿಗೆ ಹೇಳಿದೀನಿ. ನಿಮ್ಗೂ ಗೊತ್ತಿರ್ಲಿ ಅಂತ ಫೋನ್ ಮಾಡ್ದೆ.”

“ಅಂದ್ರೆ... ನಾಳೆನೂ ಬರ್ಬೇಕಾ ಸರ್?”

“ಒಳ್ಳೇ ಮಾತು! ಅವಳು ಬರ್ದಿದ್ರೆ ಅಷ್ಟು ಬಟ್ಟೆ ಮಡಚೋರ್ಯಾರು? ನೀವು ಬರ್ತೀರಾ?”

ಅಮ್ಮ ನಗುತ್ತ ನಗುತ್ತಲೇ ಅತ್ತುಬಿಟ್ಟರು.

ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಚಿನ್ನಿಯಂಥವರಿದ್ದರೆ ಮುಚ್ಚಿಡಬೇಡಿ. ಅವರ ಪರವಾಗಿ ನೀವೇ ಮಾತಾಡುವ ಮೊದಲು ಅವರನ್ನು ಕೇಳಿ. ಶಾಲೆಯಲ್ಲಿರುವಾಗಲೇ ಸಣ್ಣಪುಟ್ಟ ಕೆಲಸ ಕಲಿಸಿ, ತರಬೇತಿ ಕೊಡುವವರನ್ನು ವಿಚಾರಿಸಿ. ಕೆಲಸ ಕೊಡುವವರೇ, ಆಟಿಸಂ ಇರುವವರಲ್ಲಿ ಎಲ್ಲರೂ ಒಂದೇ ಥರ ಇರುವುದಿಲ್ಲ. ‘ನಿಮಗೇನು ಬೇಕು?’ ಎಂದು ಅವರನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ತಿಳಿಯಲಿಲ್ಲ ಎಂದು ಹೆದರದೆ ಹೇಳಬಹುದಾದ ಕಡೆ ಅವರ ಕೆಲಸ ಉಳಿಯುತ್ತದೆ.