ಚಿಕ್ಕಿಗೆ ಕೊಡಿಸಿದ ಹಗುರ ಕೆಲಸ

ನಮ್ಮ ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದರೆ ಕಾಯಿಲೆ ಬೀಳುವುದಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ಚಿಕ್ಕಿ ಎಂಬ ಕೂಲಿ ಹೆಂಗಸು ಮಾತ್ರ ಅರ್ಧ ಚೀಲ ಹೊರುವಷ್ಟರಲ್ಲಿ ಏದುಸಿರು ಬಿಟ್ಟು ಕೂತುಬಿಡುತ್ತಿದ್ದಳು. ಕೂಲಿಗಳ ಲೈನ್‌ಮನೆಯವರು ಮೈಗಳ್ಳಿ ಎಂದರು. ಕೆನ್ನೆ ಎರಡೂ ಕೆಂಪಾದರೆ ಬಿಸಿಲಿಗೆ ಎಂದರು.

ಅವಳಿಗಿದ್ದದ್ದು ಲೂಪಸ್, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬಿದ್ದು ಗಂಟುನೋವು, ಸುಸ್ತು ತರುವ ಕಾಯಿಲೆ. ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಗೆ ಕರೆದೊಯ್ದು ಮಾತ್ರೆ ಕೊಡಿಸಿದವಳು ಆಶಾ ಕಾರ್ಯಕರ್ತೆ ಸರೋಜ. ಹಗುರ ಕೆಲಸ ಕೊಡಿಸು ಎಂದು ಚಿಕ್ಕಿಯ ಗಂಡ ಲಿಂಗನಿಗೆ ಹೇಳಿದ್ದೂ ಅವಳೇ.

ಒಂದು ಮಧ್ಯಾಹ್ನ ಸರೋಜ ಬಂದು ನೋಡಿದರೆ, ಚಿಕ್ಕಿ ಕಾಫಿ ಒಣಗಿಸುವ ಕಣದಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ ಕಾಫಿ ಹರವುತ್ತಿದ್ದಾಳೆ. ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ. ಕಾಲು ಊದಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಾಡಿಬೇಡಿ ಈ ಕೆಲಸ ಕೊಡಿಸಿದೆ ಎಂದು ಲಿಂಗ ಹೆಮ್ಮೆಯಿಂದಲೇ ಹೇಳಿದ. ಗಂಟುನೋವು ಹೋಯಿತು, ಮಾತ್ರೆಯನ್ನೂ ನಿಲ್ಲಿಸಿದೆವು ಎಂದ.

ಸರೋಜಳಿಗೆ ಮೈಯೆಲ್ಲ ಉರಿದುಹೋಯಿತು. ಲೂಪಸ್ ಇದ್ದವರಿಗೆ ಬಿಸಿಲು ಆಗದು ಎಂದು ಅವತ್ತೇ ಬಿಡಿಸಿ ಹೇಳದ ತನ್ನ ಮೇಲೂ ಸಿಟ್ಟು ಬಂತು.

"ಮಾತ್ರೆ ನಿಲ್ಸು ಅಂತ ಯಾವ ಡಾಕ್ಟ್ರು ಹೇಳಿದ್ರು ಲಿಂಗ? ಕಾಯ್ಲೆ ಇವಳ ಎದೆಗೆ ಇಳಿದಿರಬಹುದು."

"ಕಾಯ್ಲೆ ಗಂಟಿಗೆ ತಾನೆ ಸರೋಜಕ್ಕ? ಎದೆಗೂ ಅದಕ್ಕೂ ಏನು?"

"ಎದೆ ಒಳಗೆ ರಕ್ತ ಹಿಂದಕ್ಕೆ ಬರದ ಹಾಗೆ ಮುಚ್ಚೋ ಬಾಗಿಲಿದೆ, ಕವಾಟ ಅಂತಾರೆ. ಈ ಕಾಯ್ಲೆ ಅದನ್ನೂ ಬಿಡಲ್ಲ. ಅಲ್ಲಿ ಸಣ್ಣ ಗಡ್ಡೆ ಕಟ್ಟಿದ್ರೆ ಬಾಗಿಲು ಸರಿಯಾಗಿ ಮುಚ್ಚಲ್ಲ, ಉಸಿರು ಕಟ್ಟುತ್ತೆ. ಅದರ ಚೂರು ಕಿತ್ತು ತಲೆಗೆ ಹೋದ್ರೆ ಲಕ್ವ. ಕೆಲವರಿಗೆ ಕವಾಟ ಕೆಟ್ಟಿರೋದು ಗೊತ್ತೇ ಆಗಲ್ಲ."

ಲಿಂಗ ಚಿಕ್ಕಿಯ ಕೈಹಿಡಿದು ನೆರಳಿಗೆ ಕರೆತಂದ. ಕಣಕ್ಕೆ ಬಂದ ರೈಟರ್ ಮಾತ್ರ, ಪಿಕ್ಕಿಂಗ್ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋದರಾಯಿತು ಎಂದ.

"ಕಾಫಿ ಎರಡು ದಿನ ಕಾಯುತ್ತೆ ರೈಟ್ರೇ. ಇವಳೂ ಕಾಯ್ತಾಳೆ ಅಂತ ನೀವು ಬರೆದು ಕೊಡ್ತೀರಾ?"

ರೈಟರ್ ಏನನ್ನೂ ಬರೆದು ಕೊಡಲಿಲ್ಲ. ಎಸ್ಟೇಟಿನ ಜೀಪು ಕೊಟ್ಟ.

ಹೃದಯದ ಎಕೋ ಸ್ಕ್ಯಾನಿನಲ್ಲಿ ಒಂದು ಕವಾಟ ಸೋರುತ್ತಿರುವುದು ಕಂಡಿತು. ಸದ್ಯಕ್ಕೆ ಔಷಧಿಯಲ್ಲೇ ನೋಡೋಣ, ಆದರೆ ಆಗಾಗ ಬಂದು ತೋರಿಸಬೇಕು ಎಂದರು ಡಾಕ್ಟರು. ಈಗ ಲಿಂಗ ದಿನವೂ ಎದುರು ನಿಂತೇ ಮಾತ್ರೆ ನುಂಗಿಸುತ್ತಾನೆ. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದ ಮೇಲೆ ಚಿಕ್ಕಿ ಗೋಡೌನಿನ ನೆರಳಲ್ಲಿ ಕೂತು ಬೀಜ ಆರಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ನಿಮ್ಮ ಸಂಘದಲ್ಲಿ ಲೂಪಸ್ ಇದ್ದವರಿದ್ದರೆ ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ಏದುಸಿರು, ಕಾಲೂತ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಏನೂ ಕಾಣದಿದ್ದರೂ, ಎಕೋ ಮಾಡಿಸಬೇಕಾ ಎಂದು ಡಾಕ್ಟರನ್ನು ಒಮ್ಮೆ ಕೇಳಿ. ಎಸ್ಟೇಟಿನ ನಾವೆಲ್ಲ ಸೇರಿ ಚಿಕ್ಕಿಯನ್ನು ಬಿಸಿಲಲ್ಲಿ ನಿಲ್ಲಿಸಿದೆವು. ನೀವು ಯಾರನ್ನೂ ನಿಲ್ಲಿಸಬೇಡಿ.